‘ಚಿಂತೆ ಮಾಡಿಯೇ ತರಿಸಿಕೊಂಡಳು’ ಅಂದರು

ನಾನು ನರ್ಸ್. ಬದಿಯಡ್ಕದ ಹತ್ತಿರದ ಮನೆಯಿಂದ ಕಾಸರಗೋಡು ಪೇಟೆಗೆ ಹನ್ನೊಂದು ವರ್ಷದಿಂದ ಹೋಗಿ ಬರುತ್ತಿದ್ದೇನೆ. ನೈಟ್ ಡ್ಯೂಟಿ ತಪ್ಪಿದ್ದಿಲ್ಲ.

ಎರಡು ವರ್ಷದ ಹಿಂದೆ ಚಿಕ್ಕಮ್ಮನಿಗೆ ಸ್ತನ ಕ್ಯಾನ್ಸರ್ ಎಂದು ಗೊತ್ತಾಯಿತು. ಚಿಕ್ಕಪ್ಪ ಹೋದ ಮೇಲೆ ಅವರಿಗೆ ಸರಿಯಾದ ನಿದ್ದೆಯೇ ಇರಲಿಲ್ಲ. ನೋಡಲು ಬಂದ ನೆಂಟರೆಲ್ಲ, "ಚಿಂತೆ ಮಾಡಿ ಮಾಡಿಯೇ ತರಿಸಿಕೊಂಡಳು" ಅಂದರು. ಚಿಕ್ಕಮ್ಮನೂ ಅದನ್ನೇ ನಂಬಿದರು. ಕಾಯಿಲೆಗಿಂತ ಆ ಮಾತೇ ಅವರನ್ನು ಜಾಸ್ತಿ ಹಿಂಡಿತು.

ನಾನು ಹುಡುಕಿ ಓದಿದೆ. ಯುರೋಪಿನ ಒಂದು ಲಕ್ಷಕ್ಕೂ ಹೆಚ್ಚು ಜನರ ಮಾಹಿತಿ ಸೇರಿಸಿ 2013ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಕೆಲಸದ ಒತ್ತಡಕ್ಕೂ ಸ್ತನ ಕ್ಯಾನ್ಸರಿಗೂ ನಂಟು ಕಂಡಿರಲಿಲ್ಲ. ಅದನ್ನು ಚಿಕ್ಕಮ್ಮನಿಗೆ ಹೇಳಿದೆ. "ಹಾಗಾದ್ರೆ ನನ್ನ ತಪ್ಪಲ್ವಾ?" ಎಂದು ಎರಡು ಸಲ ಕೇಳಿದರು.

ನನ್ನ ನೈಟ್ ಡ್ಯೂಟಿಯ ವಿಷಯ ಬೇರೆ. ರಾತ್ರಿಯ ಬೆಳಕು ನಿದ್ದೆಗೆ ನೆರವಾಗುವ ಮೆಲಟೋನಿನ್ ಹಾರ್ಮೋನನ್ನು ತಗ್ಗಿಸುತ್ತದೆ; ಇದಕ್ಕೂ ಕ್ಯಾನ್ಸರಿಗೂ ನಂಟಿರಬಹುದು ಎಂಬ ಅನುಮಾನವಿದೆ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ರಾತ್ರಿ ಪಾಳಿಯನ್ನು 2007ರಲ್ಲಿ, ಮತ್ತೆ 2019ರಲ್ಲಿ, ‘ಬಹುಶಃ ಕ್ಯಾನ್ಸರ್‌ಕಾರಕ’ ಗುಂಪಿಗೆ ಸೇರಿಸಿತು. ಆದರೆ 2016ರ ಬ್ರಿಟನ್ನಿನ ದೊಡ್ಡ ಅಧ್ಯಯನದಲ್ಲಿ ಸ್ತನ ಕ್ಯಾನ್ಸರಿನ ಅಪಾಯ ಹೆಚ್ಚಿದ್ದು ಕಾಣಲಿಲ್ಲ. ಮುಟ್ಟು ನಿಂತ ಮೇಲೆ ಏರುವ ತೂಕ, ಮದ್ಯಪಾನ, ವ್ಯಾಯಾಮವಿಲ್ಲದಿರುವುದು, ಇವುಗಳ ಪುರಾವೆ ಅದಕ್ಕಿಂತ ಗಟ್ಟಿ.

ಹಾಗಂತ ನಿದ್ದೆಯ ವಿಷಯವನ್ನು ಕಡೆಗಣಿಸಲಿಲ್ಲ. ರಾತ್ರಿ ಪಾಳಿಗಳನ್ನು ಬಿಡಿಬಿಡಿಯಾಗಿ ಹಾಕದೆ ಒಟ್ಟಿಗೆ ಕೊಡಲು ಕೇಳಿಕೊಂಡೆ. ನಡುರಾತ್ರಿ ಎರಡರ ಮೇಲೆ ಚಾ ಇಲ್ಲ. ಕಿಟಕಿಗೆ ಕಪ್ಪು ಬಟ್ಟೆ, ಫೋನ್ ಅಡುಗೆಮನೆಯಲ್ಲಿ. ಇಪ್ಪತ್ತು ನಿಮಿಷವಾದರೂ ನಿದ್ದೆ ಹತ್ತದಿದ್ದರೆ ಎದ್ದು ಕೂರುತ್ತೇನೆ. ಅಂಗಳದಲ್ಲಿ ಅಡಿಕೆ ಸುಲಿಯುವ ದಿನಗಳಲ್ಲಿ ಕಷ್ಟ. ಮೊದಲ ತಿಂಗಳು ಏನೂ ಬದಲಾಗಲಿಲ್ಲ. ಆಮೇಲೆ ಒಂದೇ ಎಳೆತಕ್ಕೆ ಐದು ಗಂಟೆ ಮಲಗಿದೆ.

ಹೆದರಿಕೆ ಮಾತ್ರ ಹೋಗಲಿಲ್ಲ. ಸುಮ್ನೆ ದಿನಕ್ಕೆ ಹತ್ತು ಸಲ ಎದೆ ಒತ್ತಿ ನೋಡುತ್ತಿದ್ದೆ. ಒಂದು ಕಡೆ ಗಂಟು ತಾಗಿತು. ನಾಲ್ಕು ತಿಂಗಳು ಯಾರಿಗೂ ತೋರಿಸಲಿಲ್ಲ. ನರ್ಸ್ ಆಗಿದ್ದೂ! ಗೊತ್ತಾಗಿಬಿಟ್ಟರೆ ಎಂಬ ಭಯ. ನನ್ನ ಪ್ರಕಾರ ಚಿಂತೆ ಮಾಡುವ ದೊಡ್ಡ ಕೇಡು ಇದೇ, ಅದು ಕಾಲನ್ನು ಕಟ್ಟಿಹಾಕುತ್ತದೆ. ಕೊನೆಗೆ ಹೋದೆ. ಸ್ಕ್ಯಾನಿಂಗಿನಲ್ಲಿ ಅದು ಕ್ಯಾನ್ಸರ್ ಅಲ್ಲ, ಬರೀ ನೀರುಗುಳ್ಳೆ ಎಂದು ತಿಳಿಯಿತು.

ಮನಸ್ಸು ತೀರಾ ಕುಸಿದಾಗ ಚಿಕ್ಕಮ್ಮ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಫೋನ್ ಮಾಡಿದ್ದರು. ಅದು ಉಚಿತ, ಕನ್ನಡದಲ್ಲೂ ಮಾತಾಡಬಹುದು. ಈಗ ನೆಂಟರು ಆ ಹಳೆಯ ಮಾತು ತೆಗೆದರೆ ಅವರೇ ಉತ್ತರ ಕೊಡುತ್ತಾರೆ. ನಂತರ ಬಂದ ಹೆಂಗಸರನ್ನು ಕೇಳುತ್ತಾರೆ, "ಮೂವತ್ತು ದಾಟಿತಲ್ಲ, ಡಾಕ್ಟರಿಗೆ ಎದೆ ತೋರಿಸಿಕೊಂಡಿಯಾ?"