ಎಡಗೈ ಎಲ್ಲಿತ್ತು?

ನಮ್ಮ ಮನೆಯಲ್ಲಿ ಬಾಕ್ಸಿಂಗ್ ಶುರುವಾಗಿದ್ದು ದನದ ಕೊಟ್ಟಿಗೆಯಲ್ಲಿ. ತೀರ್ಥಹಳ್ಳಿಯಿಂದ ಒಳಗೆ ಹೋದರೆ ಸಿಗುವ ಒಂಟಿಮನೆ. ಮೇಲೆ ಗುಡ್ಡ, ಕೆಳಗೆ ಅಡಿಕೆ ತೋಟ. ಅಪ್ಪಯ್ಯ ಬೆಂಗಳೂರಿನ ಎಂ.ಇ.ಜಿ. ಸೇರಿದ್ದವರು, ಅಂದರೆ ಮದ್ರಾಸ್ ಸ್ಯಾಪರ್ಸ್. ಹೊಸದಾಗಿ ಸೇರಿದ ಹುಡುಗರನ್ನು ರಿಂಗಿಗೆ ಇಳಿಸುತ್ತಿದ್ದರಂತೆ. ಅಲ್ಲಿ ಹಿಡಿದ ಹುಚ್ಚು ಪೆನ್ಶನ್ ಜೊತೆಗೆ ಊರಿಗೂ ಬಂತು.

ಗೋಣಿಚೀಲಕ್ಕೆ ಭತ್ತದ ಹೊಟ್ಟು ತುಂಬಿ, ಬಾಯಿ ಹೊಲಿದು, ಕೊಟ್ಟಿಗೆಯ ತೊಲೆಗೆ ನೇತುಹಾಕಿದ್ದರು. ಬೆಳಿಗ್ಗೆ ಐದೂವರೆಗೆ ದಬ್ ದಬ್ ಅಂತ ಸದ್ದು. ಹಸು ಬೆದರಿ ಸೊರ ಬಿಡಲಿಲ್ಲ. ‘ನಿಮ್ಮ ಮಿಲಿಟರಿ ಬೇಕಾದರೆ ತೋಟದಲ್ಲಿ ಇಟ್ಕೊಳ್ಳಿ’ ಅಂತ ಅವ್ವ ಜಗಳ ತೆಗೆದ ಮೇಲೆ ಚೀಲ ಅಡಿಕೆ ಸುಲಿಯುವ ಮನೆಗೆ ವರ್ಗವಾಯಿತು. ಈಗಲೂ ಅಲ್ಲೇ ಇದೆ. ಚೀಲ ಬದಲಾಗಿದೆ, ತೊಲೆ ಅದೇ.

ಅಪ್ಪಯ್ಯನಿಗೆ ಅಲಿ ಅಂದರೆ ದೇವರು. 1980ರಲ್ಲಿ ಮಹಮ್ಮದ್ ಅಲಿ ಮದ್ರಾಸಿಗೆ ಬಂದಾಗ ಅಪ್ಪಯ್ಯ ಪಂಜಾಬಿನ ಕಡೆ ಎಲ್ಲೋ ಸೇತುವೆ ಕಟ್ಟುತ್ತಿದ್ದರು. ರಜೆ ಸಿಗಲಿಲ್ಲ. ಆ ಸಿಟ್ಟು ಇವತ್ತಿಗೂ ಇಳಿದಿಲ್ಲ. ನೋಡದೇ ಹೋದ ಮನುಷ್ಯನ ಕತೆಯನ್ನು ಮಾತ್ರ ಮಳೆಗಾಲದ ರಾತ್ರಿ, ಕರೆಂಟ್ ಹೋದಾಗ, ತಾಳಮದ್ದಳೆಯ ಅರ್ಥಧಾರಿ ಹಾಗೆ ಹೇಳುತ್ತಿದ್ದರು. 1974ರ ಅಕ್ಟೋಬರ್ 30, ಆಫ್ರಿಕಾದ ಕಿನ್ಶಾಸಾ. ಅಲಿಗೆ 32, ಎದುರಾಳಿ ಜಾರ್ಜ್ ಫೋರ್‌ಮನ್‌ಗೆ 25. ಫೋರ್‌ಮನ್ ಅಲ್ಲಿಯವರೆಗೆ ಒಂದೂ ಸೋತವನಲ್ಲ. ಅಲಿ ಹಗ್ಗಕ್ಕೆ ಒರಗಿ ನಿಂತು, ‘ಹೊಡಿ, ಇನ್ನೂ ಹೊಡಿ’ ಅಂತ ಕೆಣಕುತ್ತಾ ಏಟು ತಿಂದು ತಿಂದು ಅವನನ್ನು ಸುಸ್ತು ಮಾಡಿ, ಎಂಟನೇ ರೌಂಡಿನಲ್ಲಿ ಕೆಡವಿದ್ದು. ಆ ಕೊನೆಯ ಏಟು ಬರುವಾಗ ಅಪ್ಪಯ್ಯ ಎದ್ದು ನಿಲ್ಲುತ್ತಿದ್ದರು. ಬುಡ್ಡಿದೀಪದ ಬೆಳಕಲ್ಲಿ ಗೋಡೆ ಮೇಲೆ ಅವರ ನೆರಳು ಫೋರ್‌ಮನ್‌ಗಿಂತ ದೊಡ್ಡದು.

ಆಮೇಲೆ 1996 ಬಂತು. ನನಗೆ ಹನ್ನೆರಡು. ಅಟ್ಲಾಂಟಾ ಒಲಿಂಪಿಕ್ಸಿನ ಉದ್ಘಾಟನೆ ನೋಡಲು ಆಷಾಢದ ಮಳೆಯಲ್ಲಿ ಪೇಟೆಯ ಚಿಕ್ಕಪ್ಪನ ಮನೆಗೆ ಹೋಗಿದ್ದೆವು. ಜ್ಯೋತಿ ಹಚ್ಚಲು ಅಲಿ ಬಂದರು. ಬಲಗೈಯಲ್ಲಿ ಪಂಜು. ಎಡಗೈ ನಡುಗುತ್ತಿತ್ತು, ತಡೆಯಲಾಗದ ಹಾಗೆ. ಪಾರ್ಕಿನ್ಸನ್ ಕಾಯಿಲೆ 1984ರಲ್ಲೇ ಪತ್ತೆಯಾಗಿತ್ತು. ತಲೆಗೆ ತಿಂದ ಏಟಿಗೂ ಅದಕ್ಕೂ ಎಷ್ಟು ಸಂಬಂಧ ಅನ್ನೋದು ಡಾಕ್ಟರುಗಳ ಚರ್ಚೆ. ಅಪ್ಪಯ್ಯನಿಗೆ ಅನುಮಾನವೇ ಇರಲಿಲ್ಲ. ವಾಪಸ್ ಬರುವಾಗ ಬಸ್ಸಲ್ಲಿ ಒಂದು ಮಾತೂ ಆಡಲಿಲ್ಲ. ಮನೆಗೆ ಬಂದವರೇ ಚೀಲ ಬಿಚ್ಚಿ ಮೂಲೆಗೆ ಹಾಕಿದರು.

ಒಂದು ವಾರ ಬಿಟ್ಟು ಮತ್ತೆ ಕಟ್ಟಿದರು. ಕಟ್ಟಿದರೂ ಪಾಠ ತಲೆಕೆಳಗಾಗಿತ್ತು. ಅಲ್ಲಿಯವರೆಗೆ ಹೊಡೆಯೋದು ಹೇಗೆ ಅಂತ ಕಲಿಸುತ್ತಿದ್ದವರು ಈಗ ತಿನ್ನದೇ ಇರೋದು ಹೇಗೆ ಅಂತ ಕಲಿಸತೊಡಗಿದರು. ಕಿನ್ಶಾಸಾ ಕತೆಯಲ್ಲೂ ಹಗ್ಗಕ್ಕೆ ಒರಗುವ ಭಾಗ ಹಾರಿಸಿ ನೇರ ಎಂಟನೇ ರೌಂಡಿಗೆ ಬರುತ್ತಿದ್ದರು. ನಾನು ಕೇಳಿದರೆ ‘ಅದೊಂದು ಬೇಡಾಗಿತ್ತು ಮಾರಾಯ’ ಅಂತ ಮುಗಿಸುತ್ತಿದ್ದರು.

ಮೊದಲ ಪಾಠ ಗೋಟಡಿಕೆಯದ್ದು. ಸಿಪ್ಪೆ ಸಮೇತ ಒಂದು ಗೋಟನ್ನು ಗದ್ದದ ಕೆಳಗೆ ಒತ್ತಿ ಹಿಡಿದು ಮೂರು ನಿಮಿಷ ಚೀಲಕ್ಕೆ ಹೊಡೆಯಬೇಕು. ಗದ್ದ ಮೇಲೆದ್ದರೆ ಗೋಟು ಬೀಳುತ್ತದೆ. ಬಿದ್ದರೆ ಮೊದಲಿಂದ. ಮೊದಲ ತಿಂಗಳು ನಾನು ಹೊಡೆದದ್ದಕ್ಕಿಂತ ಬಗ್ಗಿ ಅಡಿಕೆ ಹೆಕ್ಕಿದ್ದೇ ಜಾಸ್ತಿ. ಎರಡನೆಯದು ಬಟ್ಟೆ ಒಣಗಿಸುವ ಹಗ್ಗ. ಅಂಗಳದ ಎರಡು ಕಂಬಕ್ಕೆ ಭುಜದ ಎತ್ತರಕ್ಕೆ ಕಟ್ಟಿ, ಅದರ ಕೆಳಗೆ ತಲೆ ಆ ಕಡೆ ಈ ಕಡೆ ನುಸುಳಿಸುತ್ತಾ ಮುಂದೆ ಹೋಗೋದು. ಸೊಂಟ ಬಗ್ಗಿಸಿದರೆ ಬೈಗುಳ, ಮಂಡಿ ಬಗ್ಗಬೇಕು. ಹೆಚ್.ಎಂ.ಟಿ. ವಾಚ್ ಕೈಯಲ್ಲಿ ಹಿಡಿದು ಜಗಲಿ ಮೇಲೆ ಕೂತಿರುತ್ತಿದ್ದರು. ಮೂರು ನಿಮಿಷ ಆಟ, ಒಂದು ನಿಮಿಷ ವಿಶ್ರಾಂತಿ, ಹೀಗೆ ಮೂರು ಸಲ.

ಮನೆಯಲ್ಲೇ ಮಾಡುವವರಿಗೆ ಎರಡು ಮಾತು, ಎರಡೂ ನಾನು ಪೆಟ್ಟು ತಿಂದು ಕಲಿತದ್ದು. ಹೊಟ್ಟು ತುಂಬಬೇಡಿ. ನಮ್ಮ ಮಳೆಗೆ ಅದು ತೇವ ಕುಡಿದು ಕೆಳಗೆ ಕೂರುತ್ತದೆ. ಮೇಲೆ ದಿಂಬು, ಕೆಳಗೆ ಜಂಬಿಟ್ಟಿಗೆ ಕಲ್ಲು. ಅಂಥ ಚೀಲಕ್ಕೆ ಬರಿಗೈಯಲ್ಲಿ ಹೊಡೆದು ಮಣಿಕಟ್ಟು ಉಳುಕಿಸಿಕೊಂಡು ಒಂದು ತಿಂಗಳು ಎಡಗೈಯಲ್ಲಿ ಊಟ ಮಾಡಿದ್ದೇನೆ. ಹಳೇ ಬಟ್ಟೆ ಚೂರು ಮಾಡಿ ಒತ್ತೊತ್ತಾಗಿ ತುಂಬಿ. ನಿಮ್ಮ ತೂಕದ ಅರ್ಧದಷ್ಟಿದ್ದರೆ ಸಾಕು. ಇನ್ನೊಂದು ಗ್ಲೌಸಿನ ವಿಷಯ. ಜೂನ್ ಬಂತೆಂದರೆ ಒಳಗೆಲ್ಲ ಬೂಸ್ಟು. ಬೇಗ ಒಣಗಲಿ ಅಂತ ಬಚ್ಚಲ ಒಲೆ ಮೇಲೆ ಇಟ್ಟೆ. ಚರ್ಮ ಹಪ್ಪಳದ ಹಾಗೆ ಬಿರುಕು ಬಿಟ್ಟಿತು. ಹಳೇ ಪೇಪರ್ ಉಂಡೆ ಮಾಡಿ ಒಳಗೆ ತುರುಕಿ, ಬೆಳಿಗ್ಗೆ ಸಂಜೆ ಬದಲಾಯಿಸಿದರೆ ಸಾಕಿತ್ತು.

ಕೈಗೆ ಬ್ಯಾಂಡೇಜ್ ಸುತ್ತೋದು ಮಾತ್ರ ಅಪ್ಪಯ್ಯ ನನಗೆ ಬಿಟ್ಟುಕೊಡುತ್ತಿರಲಿಲ್ಲ. ಹಳೇ ಪಂಚೆಯನ್ನು ಎರಡು ಇಂಚು ಅಗಲಕ್ಕೆ ಹರಿದು, ಒಂದು ಕೈಗೆ ನಾಲ್ಕೂವರೆ ಮೀಟರ್ ಆಗುವ ಹಾಗೆ ಹೊಲಿದಿಟ್ಟಿದ್ದರು. ‘ಬೆರಳು ಅಗಲಿಸು’ ಅನ್ನುತ್ತಿದ್ದರು. ಹೆಬ್ಬೆರಳಿಗೆ ಕುಣಿಕೆ, ಮಣಿಕಟ್ಟಿಗೆ ಮೂರು ಸುತ್ತು, ಗೆಣ್ಣಿಗೆ ಮೂರು, ಬೆರಳ ಸಂದಿಯಲ್ಲಿ ಒಂದೊಂದು, ಮತ್ತೆ ಮಣಿಕಟ್ಟು. ಕೊನೆಗೆ ನನ್ನ ಮುಷ್ಟಿಯನ್ನು ತಮ್ಮ ಅಂಗೈಯಲ್ಲಿ ಹಿಡಿದು ಒಂದು ಸಲ ಅದುಮಿ ನೋಡುತ್ತಿದ್ದರು. ನಮ್ಮ ಮನೆಯಲ್ಲಿ ಅಪ್ಪ ಮಕ್ಕಳು ಕೈ ಹಿಡಿದುಕೊಳ್ಳುವ ಪೈಕಿ ಅಲ್ಲ. ಬಾಕ್ಸಿಂಗ್ ಬಿಟ್ಟಿದ್ದರೆ ಆ ಎರಡು ನಿಮಿಷವೂ ಇರುತ್ತಿರಲಿಲ್ಲ. ಬಹುಶಃ ಅದಕ್ಕೇ ನಾನು ಬಿಡಲಿಲ್ಲ.

ಕಾಲೇಜಿಗೆ ಅಂತ ಶಿವಮೊಗ್ಗಕ್ಕೆ ಬಂದೆ. ಅಪ್ಪಯ್ಯನಿಗೆ ಹೇಳದೆ ಒಂದು ಜಿಮ್ಮಿಗೆ ಸೇರಿದೆ. ಮೊದಲ ವಾರವೇ ರಿಂಗಿಗೆ ಇಳಿಸಿದರು. ನಾನು 58 ಕೆ.ಜಿ., ಎದುರಿನವನು 70 ದಾಟಿದವನು. ತಲೆಗೆ ಗಾರ್ಡ್ ಇಲ್ಲ. ಹಾಗೆ ಇಳಿಸಬಾರದು ಅಂತ ಈಗ ಗೊತ್ತು. ಆಗ ನನಗೆ ಜಂಬ. ಒಂದು ಒಳ್ಳೇ ಜಾಬ್ ಹಾಕಿದೆ, ಅಂದರೆ ಎಡಗೈ ನೇರ ಚಾಚಿ ಹೊಡೆಯುವ ಚುರುಕು ಏಟು. ಅವನ ಹಣೆಗೆ ತಾಗಿತು. ತಾಗಿದ್ದನ್ನು ನೋಡಿ ಖುಷಿಪಡುತ್ತಾ ಒಂದು ಗಳಿಗೆ ಹಾಗೇ ನಿಂತೆ. ಮುಂದಿನದ್ದು ಅಂಗಾತ ಬಿದ್ದು ಮೇಲಿನ ತಗಡು ಎಣಿಸಿದ್ದು. ಮೂಗಿನ ಮೂಳೆ ಮುರಿದಿತ್ತು.

ಯಾರೋ ಊರಿಗೆ ಫೋನ್ ಮಾಡಿದ್ದರು. ಮಾರನೇ ದಿನ ಅಪ್ಪಯ್ಯ ಮಂಡಗದ್ದೆ ದಾರಿಯ ಬಸ್ಸು ಹಿಡಿದು ಬಂದರು. ಕೈಯಲ್ಲಿ ಒದ್ದೆ ಕೊಡೆ. ಮಂಚದ ಪಕ್ಕ ನಿಂತು ನನ್ನ ಮೂಗನ್ನು ಆ ಕಡೆಯಿಂದ ಒಮ್ಮೆ, ಈ ಕಡೆಯಿಂದ ಒಮ್ಮೆ ನೋಡಿದರು. ನೋವಿದೆಯಾ ಅಂತ ಕೇಳಲಿಲ್ಲ. ಯಾಕೆ ಹೇಳಲಿಲ್ಲ ಅಂತಲೂ ಕೇಳಲಿಲ್ಲ.

‘ಎಡಗೈ ಎಲ್ಲಿತ್ತು?’ ಅಂದರು.

ಕೆಳಗಿತ್ತು ಅಂದೆ. ತಲೆ ಆಡಿಸಿ, ಕೊಡೆ ಮೂಲೆಗಿಟ್ಟು, ಕೂತು ಕಿತ್ತಳೆ ಸುಲಿಯತೊಡಗಿದರು. ಜಾಬ್ ಹೋದ ದಾರಿಯಲ್ಲೇ ವಾಪಸ್ ಕೆನ್ನೆಗೆ ಬರಬೇಕು. ಹೊಡೆಯುವುದಕ್ಕಿಂತ ಬೇಗ ಬರಬೇಕು. ಅದನ್ನು ಅಡಿಕೆ ಸುಲಿಯುವ ಮನೆಯಲ್ಲಿ ಸಾವಿರ ಸಲ ಹೇಳಿದ್ದರು.

ನಾನು ದೊಡ್ಡ ಬಾಕ್ಸರ್ ಆಗಲಿಲ್ಲ. ಒಂದಷ್ಟು ಪಂದ್ಯ ಆಡಿದೆ, ಗೆದ್ದದ್ದಕ್ಕಿಂತ ಸೋತದ್ದು ಜಾಸ್ತಿ. ಆದರೆ ಮೂಗು ಇನ್ನೊಂದು ಸಲ ಮುರಿಯಲಿಲ್ಲ.

ಈಗ ಮಗಳಿಗೆ ಹನ್ನೆರಡು. ಬಾಕ್ಸರ್ ಲವ್ಲೀನಾ ಟೋಕಿಯೊ ಒಲಿಂಪಿಕ್ಸಿನಲ್ಲಿ ಕಂಚು ಗೆದ್ದದ್ದನ್ನು ನೋಡಿ ಹಟ ಹಿಡಿದವಳು. ಹೆಣ್ಣುಮಗು, ಮೂಗು ಗೀಗು ಮುರಿದರೆ ಏನು ಗತಿ ಅಂತ ನಮ್ಮ ಅತ್ತೆಯ ತಕರಾರು. ಒಲಿಂಪಿಕ್ಸಿಗೆ ಹೆಂಗಸರ ಬಾಕ್ಸಿಂಗ್ ಬಂದದ್ದೇ 2012ರಲ್ಲಿ, ಆ ಸಲವೇ ಮೇರಿ ಕೋಮ್ ಕಂಚು ತಂದರು, ಅದೂ ಮಕ್ಕಳ ತಾಯಿಯಾದ ಮೇಲೆ ಅಂತ ನಾನು ಹೇಳಿದೆ. ಅತ್ತೆ ಕೇಳಿಸಿಕೊಂಡದ್ದು ಮಕ್ಕಳ ತಾಯಿ ಅನ್ನೋದನ್ನು ಮಾತ್ರ. ಸ್ವಲ್ಪ ಸಮಾಧಾನವಾಯಿತು.

ರಜೆಯಲ್ಲಿ ಊರಿಗೆ ಹೋದರೆ ಬೆಳಿಗ್ಗೆ ಅವಳು, ಅಜ್ಜಯ್ಯ, ಚೀಲ. ಅಪ್ಪಯ್ಯನಿಗೆ ಎಪ್ಪತ್ತು ದಾಟಿದೆ, ಬ್ಯಾಂಡೇಜ್ ಸುತ್ತಲು ಮೊದಲಿನ ಎರಡರಷ್ಟು ಹೊತ್ತು ಬೇಕು. ಅವಳು ಮೊಬೈಲಿನಲ್ಲಿ ಮೂರು ನಿಮಿಷಕ್ಕೆ ಗಂಟೆ ಇಟ್ಟುಕೊಂಡಿರುತ್ತಾಳೆ. ಹೋದ ವಾರ ಗದ್ದದಡಿ ಗೋಟು ಒತ್ತಿಕೊಂಡೇ ಹೊಡೆಯುತ್ತಿದ್ದಳು. ಮೊಬೈಲ್ ಪೀಂ ಪೀಂ ಅಂದಿತು. ಅವಳು ಕೈ ಇಳಿಸಿದಳು. ಅಪ್ಪಯ್ಯ ಹೆಚ್.ಎಂ.ಟಿ.ಯಿಂದ ಕಣ್ಣು ಎತ್ತಲಿಲ್ಲ.

‘ಇನ್ನೂ ಹತ್ತು ಸೆಕೆಂಡ್ ಉಂಟು. ಕೈ ಯಾರು ಇಳಿಸೋಕೆ ಹೇಳಿದ್ದು?’