ಡ್ರಿಪ್‌ಗೆ ಮೊದಲು ಮಾತ್ರೆ ಚೀಲ

ಮರೆವಿನ ಕಾಯಿಲೆಗೆ (ಆಲ್ಝೈಮರ್) ಲೆಕಾನೆಮಾಬ್ ಅಥವಾ ಡೊನಾನೆಮಾಬ್ ಎಂಬ ಡ್ರಿಪ್ ಔಷಧ ಕೊಡಿಸಬೇಕೆಂದು ತುಮಕೂರಿನಲ್ಲಿ ನಮ್ಮ ಬಳಿ ಬರುವ ಮನೆಯವರಿಗೆ ನಾನು ಮೊದಲು ಹೇಳುವುದು: ಇರುವ ಮಾತ್ರೆಗಳನ್ನೆಲ್ಲ ಪಟ್ಟಿ ಸಮೇತ ಚೀಲದಲ್ಲಿ ತನ್ನಿ. 'ರಕ್ತ ತೆಳು ಮಾಡೋ ಮಾತ್ರೆ ತಗೋತಾರಾ?' ಎಂದರೆ ಇಲ್ಲ ಎನ್ನುತ್ತಾರೆ, ಅವರ ಲೆಕ್ಕದಲ್ಲಿ ಅದು 'ಹಾರ್ಟ್ ಮಾತ್ರೆ'. ಚೀಲ ಸುರಿದಾಗ ಅಸಿನೊಕೌಮರಾಲ್ ಇರುತ್ತದೆ, ಅಪಿಕ್ಸಬಾನ್ ಇರುತ್ತದೆ; ಎರಡೂ ರಕ್ತ ತೆಳು ಮಾಡುವವೇ.

ಆಸ್ಪಿರಿನ್ 75 ಅಥವಾ ಕ್ಲೊಪಿಡೊಗ್ರೆಲ್ 75 ಒಂದೇ ಇದ್ದರೆ ಮುಂದುವರಿಯುತ್ತೇನೆ. ವಾರ್ಫರಿನ್, ಅಸಿನೊಕೌಮರಾಲ್, ಅಪಿಕ್ಸಬಾನ್, ಡಾಬಿಗಾಟ್ರಾನ್ ಇದ್ದರೆ ಡ್ರಿಪ್ ಶುರು ಮಾಡುವುದಿಲ್ಲ. ಈ ಕಾಯಿಲೆಯಲ್ಲಿ ಮೆದುಳಿನಲ್ಲಿ ಸೇರಿಕೊಳ್ಳುವ ಅಮಿಲಾಯ್ಡ್ ಎಂಬ ಪ್ರೋಟೀನ್ ಅಲ್ಲಿನ ಸಣ್ಣ ರಕ್ತನಾಳಗಳ ಗೋಡೆಯಲ್ಲೂ ಕೂತಿರುತ್ತದೆ; ಔಷಧ ಅದನ್ನು ಕಿತ್ತಾಗ ಗೋಡೆ ಸಡಿಲವಾಗಿ ನೀರು, ರಕ್ತ ಜಿನುಗಬಹುದು; ರಕ್ತ ತೆಳುವಾಗಿದ್ದರೆ ಅದೇ ದೊಡ್ಡ ಸ್ರಾವವಾಗಬಹುದು. ಲೆಕಾನೆಮಾಬ್‌ನ ಮೂರನೇ ಹಂತದ ಪ್ರಯೋಗದಲ್ಲಿ ಶೇ. 12.6 ಜನರಿಗೆ ಮೆದುಳಿನಲ್ಲಿ ಊತ, ಶೇ. 17.3 ಜನರಿಗೆ ರಕ್ತದ ಗುರುತು ಕಂಡಿತ್ತು. ಹೆಚ್ಚಿನವರಿಗೆ ಯಾವ ಲಕ್ಷಣವೂ ಇರಲಿಲ್ಲ, ಆದ್ದರಿಂದ ಎಂ.ಆರ್.ಐ. ತಪ್ಪಿಸುವಂತಿಲ್ಲ.

'ಹಾಗಾದರೆ ಆ ಮಾತ್ರೆ ನಿಲ್ಲಿಸೋಣ' ಎಂಬ ಮಾತು ಬಂದೇ ಬರುತ್ತದೆ. ದಯವಿಟ್ಟು ಬೇಡ. ಏಟ್ರಿಯಲ್ ಫಿಬ್ರಿಲೇಷನ್ (ಹೃದಯದ ಬಡಿತ ತಾಳ ತಪ್ಪುವ ತೊಂದರೆ) ಇರುವವರು ಮಾತ್ರೆ ಬಿಟ್ಟರೆ ಪಾರ್ಶ್ವವಾಯು ಹೊಡೆಯಬಹುದು. ಹೃದಯದಲ್ಲಿ ಲೋಹದ ವಾಲ್ವ್ ಇದ್ದವರಲ್ಲಂತೂ ವಾಲ್ವೇ ಹೆಪ್ಪುಗಟ್ಟಿ ನಿಲ್ಲಬಹುದು. ಮರೆವು ನಿಧಾನಗೊಳ್ಳಲಿ ಎಂದು ಆ ಅಪಾಯ ತೆಗೆದುಕೊಳ್ಳಲು ನಾನು ಒಪ್ಪುವುದಿಲ್ಲ. ಕಾಲಿನ ರಕ್ತನಾಳದ ಹೆಪ್ಪಿಗೆ ಮೂರು ತಿಂಗಳ ಕೋರ್ಸ್ ಇದ್ದರೆ ಮಾತ್ರ ಮುಗಿಯುವವರೆಗೆ ಕಾಯುತ್ತೇನೆ.

ಎಂ.ಆರ್.ಐ. ಚೀಟಿಯಲ್ಲಿ 'ಎಸ್‌ಡಬ್ಲ್ಯುಐ ಬೇಕು' (ರಕ್ತದ ಕುರುಹು ತೋರಿಸುವ ವಿಶೇಷ ಚಿತ್ರ) ಎಂದು ಬರೆಯದಿದ್ದರೆ ಸೂಕ್ಷ್ಮ ರಕ್ತಸ್ರಾವ ಕಾಣದೆ ಹೋಗಬಹುದು. ನಾಲ್ಕಕ್ಕಿಂತ ಹೆಚ್ಚು ಚುಕ್ಕೆ, ಮೆದುಳ ಮೇಲ್ಪದರದಲ್ಲಿ ರಕ್ತದ ಕಲೆ, ಒಂದು ಸೆಂ.ಮೀ.ಗಿಂತ ದೊಡ್ಡ ಹಳೆಯ ಸ್ರಾವ: ಯಾವುದೊಂದಿದ್ದರೂ ಡ್ರಿಪ್ ಇಲ್ಲ. ಲೆಕಾನೆಮಾಬ್ ಶುರುವಾದವರಿಗೆ 3, 5, 7, 14ನೇ ಡ್ರಿಪ್‌ಗೆ ಮೊದಲು ಮತ್ತೆ ಸ್ಕ್ಯಾನ್, ಸಾಧ್ಯವಾದಷ್ಟೂ ಅದೇ ಯಂತ್ರದಲ್ಲಿ. ಯಂತ್ರ ಬದಲಾದರೆ ಹಳೆಯ ಚುಕ್ಕೆ ಯಾವುದು, ಹೊಸದು ಯಾವುದು ಎಂದು ಹೇಳುವುದೇ ಕಷ್ಟ.

ನನಗೆ ಹೆಚ್ಚು ಭಯ ಇರುವುದು ಬೇರೆ ಆಸ್ಪತ್ರೆಯ ಎಮರ್ಜೆನ್ಸಿ ಬಾಗಿಲಲ್ಲಿ. ಮಾತು ತೊದಲಿ ಕೈ ಬಿದ್ದರೆ, ನಾಲ್ಕೂವರೆ ಗಂಟೆಯೊಳಗೆ ಹೆಪ್ಪು ಕರಗಿಸುವ ಇಂಜೆಕ್ಷನ್ (ಆಲ್ಟೆಪ್ಲೇಸ್ ಅಥವಾ ಟೆನೆಕ್ಟೆಪ್ಲೇಸ್) ಕೊಡಲು ವೈದ್ಯರು ಓಡುತ್ತಾರೆ, ಅದು ಸರಿಯೇ. ಆದರೆ ಔಷಧದ ಊತವೂ ಪಾರ್ಶ್ವವಾಯುವಿನಂತೆಯೇ ಕಾಣುತ್ತದೆ, ಆಗ ಆಲ್ಟೆಪ್ಲೇಸ್ ಬಿದ್ದರೆ ಪ್ರಾಣಾಂತಕ ರಕ್ತಸ್ರಾವವಾದ ಉದಾಹರಣೆ ಇದೆ. ಹಾಗಾಗಿ ಕನ್ನಡ, ಇಂಗ್ಲಿಷ್ ಎರಡರಲ್ಲೂ ಕಾರ್ಡ್ ಬರೆದು ರೋಗಿಯ ಜೇಬಿಗೆ ಒಂದು, ಮಗಳ ಅಥವಾ ಸೊಸೆಯ ಫೋನಿನಲ್ಲಿ ಒಂದು ಇಡಿಸುತ್ತೇನೆ: 'ಲೆಕಾನೆಮಾಬ್ ಪಡೆಯುತ್ತಿದ್ದಾರೆ. ಆಲ್ಟೆಪ್ಲೇಸ್, ಟೆನೆಕ್ಟೆಪ್ಲೇಸ್ ಬೇಡ. ಮೊದಲು ಎಂ.ಆರ್.ಐ.' ಕೊನೆಯ ಡ್ರಿಪ್‌ನ ತಾರೀಖೂ ಅದರಲ್ಲಿರುತ್ತದೆ. ದೊಡ್ಡ ನಾಳದ ಹೆಪ್ಪಾದರೆ ತೊಡೆಸಂದಿಯಿಂದ ಕೊಳವೆ ಹಾಕಿ ತೆಗೆಯುವ ದಾರಿ ಉಳಿದಿರುತ್ತದೆ, ಅದಕ್ಕೆ ಬೆಂಗಳೂರಿಗೆ 70 ಕಿ.ಮೀ. ಓಡಲು ತಯಾರಿರಬೇಕು.

ಸೊಂಟ ಮುರಿದು ಆಪರೇಷನ್ ಆದರೆ ಹೆಪಾರಿನ್ ಕೊಡುತ್ತಾರೆ, ಅದೂ ರಕ್ತ ತೆಳು ಮಾಡುವ ಇಂಜೆಕ್ಷನ್. ಆ ದಿನವೇ ನಮಗೆ ಫೋನ್ ಮಾಡಿ. ಹೆಪಾರಿನ್ ನಿಂತು ಹೊಸ ಸ್ಕ್ಯಾನ್ ನೋಡುವವರೆಗೆ ಮುಂದಿನ ಡ್ರಿಪ್ ತಡೆಹಿಡಿಯುತ್ತೇನೆ.