ಎಲ್‌ಸಿ ಪುಸ್ತಕದಲ್ಲಿ ನನ್ನ ಹೆಸರಿರಲಿಲ್ಲ

ವಿದ್ಯುತ್ ಕಂಬ ಹತ್ತುವವನು ಒಬ್ಬ, ಲೈನ್ ಕ್ಲಿಯರ್ (ಎಲ್‌ಸಿ, ಅಂದರೆ ಲೈನ್ ಆಫ್ ಮಾಡಿ ಕೆಲಸಕ್ಕೆ ಕೊಡುವ ಅನುಮತಿ) ಪುಸ್ತಕದಲ್ಲಿ ಸಹಿ ಇರುವುದು ಇನ್ನೊಬ್ಬರದ್ದು. ಕಾಂಟ್ರಾಕ್ಟ್ ಮೇಲೆ ದುಡಿಯುವ ಹುಡುಗರಿಗೆ ಇದು ಹೊಸದೇನಲ್ಲ. ಎಲ್‌ಸಿ ತೆಗೆದುಕೊಳ್ಳುವವರು ಕಾಯಂ ನೌಕರರು, ಮೇಲೆ ಹತ್ತುವವರು ನಾವು. ಎಲ್ಲ ಸರಿಯಾಗಿ ನಡೆಯುವವರೆಗೆ ಯಾರೂ ತಲೆ ಕೆಡಿಸಿಕೊಳ್ಳುವುದಿಲ್ಲ. ಅಪಘಾತವಾದ ಮರುದಿನವೇ "ಅವನು ನಮ್ಮವನಲ್ಲ" ಎನ್ನುವ ಮಾತು ಶುರುವಾಗುತ್ತದೆ. ನನ್ನ ಬಲಗೈ ಹೋದ ಮೇಲೆ, ನಾನು ಅಲ್ಲಿ ಕೆಲಸಕ್ಕಿದ್ದೆ ಎಂದು ತೋರಿಸುವುದರಲ್ಲೇ ನನ್ನ ಅರ್ಧ ಶಕ್ತಿ ಹೋಯಿತು. ಹಾಗಾಗಿ ಈ ಬರಹದಲ್ಲೂ ಅದಕ್ಕೇ ಜಾಗ ಜಾಸ್ತಿ.

ಆದದ್ದು ಇಷ್ಟು. 11 ಕೆವಿ ಲೈನಿನಲ್ಲಿ ಜಂಪ್ (ಕಂಬದ ಮೇಲೆ ತಂತಿಗಳನ್ನು ಜೋಡಿಸುವ ತುಂಡು ತಂತಿ) ಕಟ್ಟಾಗಿತ್ತು. ಜಿಒಎಸ್ (ಮೂರೂ ತಂತಿಗಳನ್ನು ಒಟ್ಟಿಗೆ ಬಿಡಿಸುವ, ಕಂಬದ ಮೇಲಿನ ಸ್ವಿಚ್) ಎಳೆದು ಲೈನ್ ಆಫ್ ಮಾಡಿದ್ದರು. ಅದರ ಮೂರು ಬ್ಲೇಡುಗಳಲ್ಲಿ ಒಂದು ಪೂರ್ತಿ ಬಿಟ್ಟುಕೊಂಡಿರಲಿಲ್ಲ. ಕತ್ತಲಾಗುತ್ತಾ ಬಂದಿತ್ತು, ಕೆಳಗೆ ನಿಂತವರಿಗೆ ಅದು ಕಾಣುವಂತಿರಲಿಲ್ಲ. ಲೈನ್ ಆಫ್ ಆದ ಮೇಲೆ ಕರೆಂಟ್ ಇಲ್ಲವೆಂದು ಟೆಸ್ಟ್ ಮಾಡಬೇಕು, ಕೆಲಸದ ಜಾಗದ ಎರಡೂ ಕಡೆ ಅರ್ಥ್ ಕೊಡಬೇಕು, ಆಮೇಲೆ ಹತ್ತಬೇಕು. ನಾನು ಡಿಸ್ಚಾರ್ಜ್ ರಾಡ್ (ಲೈನಿಗೆ ಅರ್ಥ್ ಕೊಡುವ ಕೋಲು) ಕೇಳಿದೆ. ಗಾಡಿಯಲ್ಲಿ ಇರಲಿಲ್ಲ. "ಲೈನ್ ಆಫಿದೆ, ಹತ್ತಪ್ಪ" ಎಂದರು. ಹತ್ತಿದೆ, ಶಾಕ್ ಹೊಡೆಯಿತು.

ಆಸ್ಪತ್ರೆಯ ಬಗ್ಗೆ ಎರಡು ಮಾತು ಹೇಳಲೇಬೇಕು. ಕರೆಂಟಿನ ಸುಟ್ಟ ಗಾಯ ಹೊರಗೆ ಸಣ್ಣದಾಗಿ ಕಂಡರೂ ಒಳಗೆ ಮಾಂಸಖಂಡ, ನರ, ರಕ್ತನಾಳ ಸತ್ತಿರುತ್ತವೆ. ಸತ್ತ ಮಾಂಸಖಂಡದಿಂದ ಬರುವ ವಸ್ತು ಮೂತ್ರಪಿಂಡವನ್ನೂ ಕೆಡಿಸಬಹುದು, ಹೃದಯದ ಬಡಿತ ಏರುಪೇರಾಗಬಹುದು. ಕೆಲವರಿಗೆ ತಿಂಗಳುಗಳಾದ ಮೇಲೆ ಕಣ್ಣಿಗೆ ಪೊರೆ ಬರುತ್ತದೆ. "ಚಿಕ್ಕ ಗಾಯ, ನಾಳೆ ಬಾ" ಎಂದು ಮನೆಗೆ ಕಳಿಸಲು ಯಾರೂ ಬಿಡಬಾರದು. ಇನ್ನೊಂದು, ಆಸ್ಪತ್ರೆಯ ಮೊದಲ ಚೀಟಿಯಲ್ಲಿ ಏನು ಬರೆಸುತ್ತೀರಿ ಎನ್ನುವುದು. ನನ್ನನ್ನು ಕರೆದುಕೊಂಡು ಹೋದವರು "ಮನೆಯಲ್ಲಿ ಶಾಕ್ ಹೊಡೆದಿದೆ" ಎಂದು ಬರೆಸಲು ಹೊರಟಿದ್ದರು. ನನ್ನ ತಮ್ಮ ಅಲ್ಲೇ ಇದ್ದ. "ಇಂಥ ಲೈನಿನ ಕೆಲಸ ಮಾಡುವಾಗ ಕಂಬದ ಮೇಲೆ" ಎಂದು ಬರೆಸಿದ, ಎಂಎಲ್‌ಸಿ (ಪೊಲೀಸರಿಗೂ ತಿಳಿಸುವ ಆಸ್ಪತ್ರೆಯ ದಾಖಲೆ) ಮಾಡಿಸಿದ. ಆ ಒಂದು ಸಾಲು ಮುಂದೆ ನನ್ನನ್ನು ಕಾಪಾಡಿತು.

ಕೈಯನ್ನು ಮಣಿಕಟ್ಟಿನಿಂದ ಸ್ವಲ್ಪ ಮೇಲೆ ತೆಗೆಯಬೇಕಾಯಿತು. ಕಂಟ್ರಾಕ್ಟರ್ ಒಂದಿಷ್ಟು ದುಡ್ಡು ತಂದು, "ಇನ್ನು ಯಾವ ಹಕ್ಕೂ ಇಲ್ಲ" ಎಂದು ಬರೆದ ಕಾಗದಕ್ಕೆ ಎಡಗೈ ಹೆಬ್ಬೆಟ್ಟು ಕೇಳಿದರು. ಒತ್ತಲಿಲ್ಲ. ಒತ್ತಿದವರಿಗೂ ಒಂದು ಮಾತು: 1923ರ ಪರಿಹಾರ ಕಾಯ್ದೆಯ (2025ರ ನವೆಂಬರ್‌ವರೆಗೆ ಜಾರಿಯಲ್ಲಿದ್ದದ್ದು, ಮುಂದೆ ಹೇಳುವ ಪರಿಹಾರದ ನಿಯಮಗಳೂ ಅದರವೇ) 17ನೇ ಕಲಂ ಪ್ರಕಾರ ಪರಿಹಾರದ ಹಕ್ಕು ಬಿಟ್ಟುಕೊಡುವ ಒಪ್ಪಂದಕ್ಕೆ ಬೆಲೆಯಿರಲಿಲ್ಲ. ಮರಣ ಆದಾಗ 8ನೇ ಕಲಂ ಇನ್ನೂ ಗಟ್ಟಿಯಾಗಿತ್ತು. ದುಡ್ಡನ್ನು ಕಮಿಷನರ್ (ಪರಿಹಾರದ ಕೇಸು ನಡೆಸುವ ಅಧಿಕಾರಿ) ಬಳಿಯೇ ಠೇವಣಿ ಇಡಬೇಕಿತ್ತು. ಹೆಂಡತಿಯ ಕೈಗೆ ನೇರವಾಗಿ ಕೊಟ್ಟದ್ದು ಪರಿಹಾರ ಎಂದು ಲೆಕ್ಕಕ್ಕೆ ಬರುತ್ತಿರಲಿಲ್ಲ. ಸತ್ತವರ ಮನೆಗಳಲ್ಲಿ ಇದು ಗೊತ್ತಿಲ್ಲದೆ ಎಷ್ಟು ಜನ ಸುಮ್ನೆ ಆಗಿಬಿಟ್ಟಿದ್ದಾರೋ ಎಂದು ನೆನೆದರೆ ನನಗೆ ಈಗಲೂ ಹೊಟ್ಟೆ ಉರಿಯುತ್ತದೆ.

ಈ ಕಾಯ್ದೆಗೆ ಮೊದಲು ಕಾರ್ಮಿಕರ ಪರಿಹಾರ ಕಾಯ್ದೆ ಎಂದು ಹೆಸರಿತ್ತು. 2009ರ ತಿದ್ದುಪಡಿಯಲ್ಲಿ ನೌಕರರ ಪರಿಹಾರ ಕಾಯ್ದೆ ಆಯಿತು. ಅದೇ ತಿದ್ದುಪಡಿಯಿಂದ ಚಿಕಿತ್ಸೆಗೆ ನಿಜವಾಗಿ ಆದ ಖರ್ಚನ್ನೂ ಮಾಲೀಕರು ಕೊಡಬೇಕಾಯಿತು. ಔಷಧಿ ಅಂಗಡಿಯ ಬಿಲ್ಲುಗಳನ್ನು ಒಂದೂ ಬಿಡದೆ ಇಟ್ಟುಕೊಳ್ಳಿ. ಇಎಸ್‌ಐ (ನೌಕರರ ರಾಜ್ಯ ವಿಮೆ) ಇರುವವರ ದಾರಿ ಬೇರೆ, ಅವರು ಅಲ್ಲೇ ಅಂಗವೈಕಲ್ಯದ ಸವಲತ್ತು ಕೇಳಬೇಕು, ಈ ಕಾಯ್ದೆಗೆ ಬರಲಾಗದು. ನಮ್ಮದು ಸಣ್ಣ ಗ್ಯಾಂಗ್, ಇಎಸ್‌ಐ ಅನ್ವಯವಾಗಿರಲಿಲ್ಲ.

ಈಗ ಸಾಕ್ಷಿಯ ವಿಷಯ. ನನ್ನ ಬಳಿ ನೇಮಕಾತಿ ಪತ್ರ ಇರಲಿಲ್ಲ, ಗುರುತಿನ ಚೀಟಿಯೂ ಇರಲಿಲ್ಲ. ಇದ್ದದ್ದು ಮೊಬೈಲು. "ಇಂಥ ಟಿಸಿ (ಟ್ರಾನ್ಸ್‌ಫಾರ್ಮರ್) ಹತ್ತಿರ ಫ್ಯೂಸ್ ಹೋಗಿದೆ, ಹೋಗಿ ನೋಡು" ಎಂದು ವಿದ್ಯುತ್ ಸಂಸ್ಥೆಯ ಸೆಕ್ಷನ್ ಆಫೀಸಿನಿಂದ ಬಂದ ವಾಟ್ಸ್‌ಆ್ಯಪ್ ಸಂದೇಶಗಳು. ಕೆಲಸ ಮುಗಿದ ಮೇಲೆ ಕಳಿಸಿದ ಫೋಟೋಗಳು, ಅದರಲ್ಲಿ ದಿನಾಂಕ, ಸಮಯ. ಕಂಟ್ರಾಕ್ಟರ್ ಖಾತೆಯಿಂದ ತಿಂಗಳು ತಿಂಗಳು ಬಂದ ಹಣ ಬ್ಯಾಂಕ್ ಪಾಸ್‌ಬುಕ್ಕಿನಲ್ಲಿತ್ತು. ಫೋನ್ ಬದಲಾಯಿಸುವ ಮೊದಲು ಎಲ್ಲವನ್ನೂ ಬೇರೆ ಕಡೆ ಇಟ್ಟುಕೊಂಡು, ಪ್ರಿಂಟ್ ಹಾಕಿಸಿದೆ. ಮಾಹಿತಿ ಹಕ್ಕಿನಲ್ಲಿ ಎರಡು ಅರ್ಜಿ ಹಾಕಿದೆ. ಒಂದು, ವಿದ್ಯುತ್ ಸ್ಟೇಷನ್ನಿನ ಆ ದಿನದ ಲಾಗ್ ಪುಸ್ತಕ ಮತ್ತು ಎಲ್‌ಸಿ ಪುಸ್ತಕದ ಪ್ರತಿಗೆ. ಇನ್ನೊಂದು, ವಿದ್ಯುತ್ ಪರಿವೀಕ್ಷಕರ (ಸರ್ಕಾರದ ಎಲೆಕ್ಟ್ರಿಕಲ್ ಇನ್‌ಸ್ಪೆಕ್ಟರ್) ವರದಿಗೆ.

ಈ ಎರಡನೆಯದು ಬಹಳ ಜನಕ್ಕೆ ತಿಳಿಯದು. 2003ರ ವಿದ್ಯುತ್ ಕಾಯ್ದೆಯ 161ನೇ ಕಲಂ ಪ್ರಕಾರ ವಿದ್ಯುತ್ ಅಪಘಾತವನ್ನು ಪರಿವೀಕ್ಷಕರಿಗೆ ತಿಳಿಸಬೇಕು. ಮರಣವಾಗಿದ್ದರೆ ಮೊದಲ ಸುದ್ದಿ 24 ಗಂಟೆಯೊಳಗೆ, ಯಾವ ಅಪಘಾತವಾದರೂ ಲಿಖಿತ ವರದಿ 48 ಗಂಟೆಯೊಳಗೆ ಹೋಗಬೇಕು. ಅವರು ಸ್ಥಳಕ್ಕೆ ಬಂದು ಕಾರಣ ಬರೆಯುತ್ತಾರೆ. ನನ್ನ ಪ್ರಕರಣದಲ್ಲಿ ಬ್ಲೇಡ್ ಬಿಟ್ಟುಕೊಳ್ಳದಿದ್ದದ್ದು, ಅರ್ಥ್ ಕೊಡದಿದ್ದದ್ದು ಎರಡೂ ಅದರಲ್ಲಿ ಬಂದಿತ್ತು. ಹತ್ತಿದವನ ಹೆಸರಿನ ಜಾಗದಲ್ಲಿ ನನ್ನ ಹೆಸರಿತ್ತು! ಎಲ್‌ಸಿ ಪುಸ್ತಕ ಮರೆತದ್ದನ್ನು ಪರಿವೀಕ್ಷಕರು ಬರೆದಿದ್ದರು. ಅದನ್ನು ಓದಿದ ದಿನ ನಾನು ಅತ್ತುಬಿಟ್ಟೆ.

ವಕೀಲರಿಗೆ ಕೊಡಲು ದುಡ್ಡಿರಲಿಲ್ಲ. ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಹೋದೆ. ಅಂಗವಿಕಲರಿಗೆ, ಹೆಂಗಸರಿಗೆ, ಪರಿಶಿಷ್ಟ ಜಾತಿ ಪಂಗಡದವರಿಗೆ ಅಲ್ಲಿ ಆದಾಯ ನೋಡದೆ ಉಚಿತ ವಕೀಲರನ್ನು ಕೊಡುತ್ತಾರೆ. ನನಗೆ ಸಿಕ್ಕ ವಕೀಲೆ ಮೊದಲ ದಿನವೇ ಕೇಳಿದ್ದು ತಾರೀಖು. ಆ ಕಾಯ್ದೆಯಲ್ಲಿ ಅಪಘಾತವಾದ ಎರಡು ವರ್ಷದೊಳಗೆ ಅರ್ಜಿ ಹಾಕಬೇಕಿತ್ತು. ನಾವು ವಾಸವಿರುವ ಊರಿನ ವ್ಯಾಪ್ತಿಯಲ್ಲೇ ಹಾಕಬಹುದಿತ್ತು, ಅಪಘಾತವಾದ ಜಿಲ್ಲೆಗೆ ಅಲೆಯಬೇಕಿರಲಿಲ್ಲ. ನಮ್ಮಲ್ಲಿ ಆಗ ಹಿರಿಯ ಸಿವಿಲ್ ನ್ಯಾಯಾಧೀಶರೇ ಕಮಿಷನರ್ ಆಗಿದ್ದರು.

ಎದುರುದಾರರಾಗಿ ಕಂಟ್ರಾಕ್ಟರ್, ಅವರ ವಿಮಾ ಕಂಪನಿ, ಕೆಲಸ ಕೊಟ್ಟ ಸಂಸ್ಥೆ ಮೂರನ್ನೂ ಸೇರಿಸಿದೆವು. ಸಂಸ್ಥೆಯವರು "ನಮಗೂ ಅವನಿಗೂ ಸಂಬಂಧವಿಲ್ಲ" ಎಂದರು. ಪರಿಹಾರ ಕಾಯ್ದೆಯಲ್ಲಿ 12ನೇ ಕಲಂ ಇದ್ದದ್ದೇ ಇದಕ್ಕಾಗಿ. ತನ್ನ ಮಾಮೂಲಿ ಕೆಲಸವನ್ನು ಕಂಟ್ರಾಕ್ಟರ್ ಕೈಯಲ್ಲಿ ಮಾಡಿಸಿದರೂ ಮೂಲ ಮಾಲೀಕರು ಪರಿಹಾರ ಕೊಡಬೇಕು, ಆಮೇಲೆ ಬೇಕಾದರೆ ಕಂಟ್ರಾಕ್ಟರ್‌ನಿಂದ ವಸೂಲಿ ಮಾಡಿಕೊಳ್ಳಲಿ. ಲೈನ್ ದುರಸ್ತಿ ವಿದ್ಯುತ್ ಹಂಚುವವರ ಮಾಮೂಲಿ ಕೆಲಸವೇ ಅಲ್ವಾ?

ಆಮೇಲೆ "ಗ್ಲೌಸ್ ಹಾಕಿರಲಿಲ್ಲ, ಅವನದೇ ತಪ್ಪು" ಎಂಬ ವಾದ ಬಂತು. ಗ್ಲೌಸ್ ಕೊಟ್ಟ ಪುಸ್ತಕ ತೋರಿಸಿ ಎಂದು ಕೇಳಿದೆವು, ತರಲಿಲ್ಲ. ಕಾನೂನು ಹೇಳುವುದನ್ನು ಸರಿಯಾಗಿ ತಿಳಿದುಕೊಳ್ಳಬೇಕು. ಕೊಟ್ಟ ಸುರಕ್ಷತಾ ಸಾಧನವನ್ನು ಬೇಕೆಂದೇ ಬಿಟ್ಟಿದ್ದರೆ ಮಾತ್ರ ಮಾಲೀಕರಿಗೆ ಆ ನೆಪ ಸಿಗುತ್ತದೆ. ಸಾವು ಅಥವಾ ಶಾಶ್ವತ ಪೂರ್ಣ ಅಸಮರ್ಥತೆ ಆಗಿದ್ದರೆ ಆ ನೆಪವೂ ನಡೆಯುವುದಿಲ್ಲ.

ದೊಡ್ಡ ಜಗಳ ನಡೆದದ್ದು ಶೇಕಡಾವಾರಿನ ಮೇಲೆ. ಕಾಯ್ದೆಯ ಪಟ್ಟಿಯಲ್ಲಿ ಒಂದು ಕೈ ಹೋದರೆ ದುಡಿಯುವ ಶಕ್ತಿ 60% ನಷ್ಟ ಎಂದಿತ್ತು. ವಿಮಾ ಕಂಪನಿ ಅಲ್ಲಿಗೇ ನಿಂತಿತು. ನಮ್ಮ ವಕೀಲೆ 1975ರ ಸುಪ್ರೀಂ ಕೋರ್ಟ್ ತೀರ್ಪು ಇಟ್ಟರು, ಪ್ರತಾಪ್ ನಾರಾಯಣ್ ಸಿಂಗ್ ದೇವ್ ಪ್ರಕರಣದ್ದು. ಅದರಲ್ಲಿ ಎಡಗೈಯನ್ನು ಮೊಣಕೈ ಮೇಲೆ ಕಳೆದುಕೊಂಡ ಬಡಗಿಯೊಬ್ಬರು ಮತ್ತೆ ಮರಗೆಲಸ ಮಾಡಲಾಗದು, ಆದ್ದರಿಂದ ನಷ್ಟ ಪೂರ್ತಿ ಎಂದು ಎತ್ತಿ ಹಿಡಿದಿದ್ದರು. ಒಂದು ಕೈಯಲ್ಲಿ ಕಂಬ ಹತ್ತಲಾಗುತ್ತದೆಯೇ? ಬೆಲ್ಟ್ ಕಟ್ಟಿಕೊಳ್ಳಲಾಗುತ್ತದೆಯೇ? ನನ್ನ ಸಾಕ್ಷ್ಯದಲ್ಲಿ ನಾನು ಹೇಳಿದ್ದು ಇಷ್ಟನ್ನೇ. ಕಂಬದಿಂದ ಬಿದ್ದು ಬೆನ್ನುಮೂಳೆಗೆ ಪೆಟ್ಟಾದವರದ್ದು ಆ ಪಟ್ಟಿಯಲ್ಲಿ ಸಿಗದು. ಅವರು ವೈದ್ಯರಿಂದ ದುಡಿಮೆಯ ಶಕ್ತಿ ಎಷ್ಟು ಹೋಗಿದೆ ಎಂದು ಬರೆಸಿಕೊಳ್ಳಬೇಕು, ಆ ವೈದ್ಯರೇ ಬಂದು ಸಾಕ್ಷಿ ಹೇಳಿದರೆ ಒಳ್ಳೆಯದು.

ಲೆಕ್ಕ ಕಷ್ಟದ್ದಲ್ಲ. ಪೂರ್ತಿ ನಷ್ಟಕ್ಕೆ ತಿಂಗಳ ಸಂಬಳದ 60%, ಗುಣಿಸು ವಯಸ್ಸಿನ ಅಂಶ (ಆಯಾ ವಯಸ್ಸಿಗೆ ಕಾಯ್ದೆಯ ಪಟ್ಟಿಯಲ್ಲಿ ಕೊಟ್ಟ ಸಂಖ್ಯೆ). ಆ ಕಾಯ್ದೆಯಲ್ಲಿ 2020ರ ಜನವರಿಯಿಂದ ಸಂಬಳ ಎಷ್ಟೇ ಇದ್ದರೂ 15,000 ರೂಪಾಯಿಯವರೆಗೆ ಮಾತ್ರ ಲೆಕ್ಕಕ್ಕೆ ಹಿಡಿಯುತ್ತಿದ್ದರು. ನನಗೆ ಆಗ 35, ಅದಕ್ಕೆ ಅಂಶ 197.06. ಅಲ್ಲಿಗೆ 9,000 ಗುಣಿಸು 197.06, ಅಂದರೆ 17,73,540 ರೂಪಾಯಿ. ಇದನ್ನೇ 60% ನಷ್ಟವೆಂದು ಹಿಡಿದರೆ 10,64,124. ವ್ಯತ್ಯಾಸ ನೋಡಿ! ಮರಣವಾದರೆ ಸಂಬಳದ 50% ಹಿಡಿಯುತ್ತಿದ್ದರು.

ಕಮಿಷನರ್ ಪೂರ್ತಿ ನಷ್ಟ ಎಂದೇ ಒಪ್ಪಿದರು. ಒಂದು ತಿಂಗಳೊಳಗೆ ಕಟ್ಟದಿದ್ದಕ್ಕೆ ವರ್ಷಕ್ಕೆ 12% ಬಡ್ಡಿ ಸೇರಿಸಿದರು. ಸರಿಯಾದ ಕಾರಣವಿಲ್ಲದೆ ತಡ ಮಾಡಿದರೆ 50% ವರೆಗೆ ದಂಡವನ್ನೂ ಹಾಕಬಹುದಿತ್ತು. ಅದನ್ನು ವಿಮೆಯ ಮೇಲೆ ಹೊರಿಸಲಾಗುತ್ತಿರಲಿಲ್ಲ, ಮಾಲೀಕರೇ ಕಟ್ಟಬೇಕಿತ್ತು. ನನ್ನ ಪ್ರಕರಣದಲ್ಲಿ ದಂಡ ಹಾಕಲಿಲ್ಲ. ಹಾಕಬೇಕಿತ್ತು ಎಂದೇ ನನ್ನ ಅಭಿಪ್ರಾಯ. ಮೇಲ್ಮನವಿ ಹೋಗಬೇಕಾದರೆ ಮಾಲೀಕರು ಮೊದಲು ಪೂರ್ತಿ ಮೊತ್ತ ಠೇವಣಿ ಇಡಬೇಕಿತ್ತು. ಅವರು ಹೋಗಲಿಲ್ಲ.

ಈಗ ನಮ್ಮ ಕಡೆಯ ಹುಡುಗರ ಕಾಗದಪತ್ರ ನಾನೇ ನೋಡುತ್ತೇನೆ. 2025ರ ನವೆಂಬರ್ 21ರಿಂದ ಸಾಮಾಜಿಕ ಭದ್ರತಾ ಸಂಹಿತೆ, 2020 ಜಾರಿಗೆ ಬಂದು ಹಳೆಯ ಕಾಯ್ದೆಯ ಜಾಗ ತೆಗೆದುಕೊಂಡಿದೆ. ನೌಕರರ ಪರಿಹಾರ ಅದರ 7ನೇ ಅಧ್ಯಾಯದಲ್ಲಿದೆ. ಒಂದು ಮಾತು ಅದರಲ್ಲಿ ಸ್ಪಷ್ಟವಾಗಿದೆ: ಮನೆಯಿಂದ ಕೆಲಸಕ್ಕೆ ಹೋಗುವಾಗ, ಬರುವಾಗ ಆದ ಅಪಘಾತಕ್ಕೂ ಕೆಲಸಕ್ಕೂ ಸಂಬಂಧ ತೋರಿಸಿದರೆ ಅದೂ ಕೆಲಸದ ಅಪಘಾತವೇ. ಮಳೆಗಾಲದ ರಾತ್ರಿ ಲೈನ್ ಬಿದ್ದಿದೆ ಎಂದು ಫೋನ್ ಬಂದು ಬೈಕಿನಲ್ಲಿ ಹೊರಡುವವರು, ಹೊರಡುವ ಮೊದಲು "ಹೊರಟೆ" ಎಂದು ಸೆಕ್ಷನ್ನಿಗೆ ಒಂದು ಸಂದೇಶ ಹಾಕಿ, ಆ ಕರೆಯ ಸಮಯವನ್ನು ಅಳಿಸದೆ ಇಟ್ಟುಕೊಳ್ಳಿ.